ಮಳೆ ಅಷ್ಟೇ ಬೀಳುತ್ತದೆ, ಆದರೆ ಬೀಳುವ ದಿನ ಕಮ್ಮಿ: ತೈವಾನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ತೈವಾನಿನ ಸನ್ ಮೂನ್ ಸರೋವರದ ಒಂದು ಚಿತ್ರ ಹಾಕಿದ್ದೆವು. 2021ರ ಬರಗಾಲದ ಚಿತ್ರ. ನೀರಿನ ಮಟ್ಟ ಎಷ್ಟಿದೆ ಅಂತ ತೋರಿಸಲು ಅಲ್ಲಿ ಒಂದರ ಮೇಲೊಂದು ಕೂತ ಒಂಬತ್ತು ಕಪ್ಪೆಗಳ ಶಿಲ್ಪ ಇದೆ. ಸಾಮಾನ್ಯವಾಗಿ ಕೆಳಗಿನವು ನೀರಲ್ಲಿ ಮುಳುಗಿರುತ್ತವೆ. ಚಿತ್ರದಲ್ಲಿ ಒಂಬತ್ತೂ ಹೊರಗಿದ್ದವು, ಸುತ್ತ ಬಿರುಕು ಬಿಟ್ಟ ನೆಲ. ಅದನ್ನು ನೋಡಿ ಇಷ್ಟೊಂದು ಜನ ಪತ್ರ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ತೈವಾನಿಗೇ.

ಪ್ರಶ್ನೆ: ತೈವಾನಿನಲ್ಲಿ ವರ್ಷಕ್ಕೆ ಸರಾಸರಿ 2,500 ಮಿಲಿಮೀಟರ್ ಮಳೆ ಅಂತ ನಮ್ಮ ನೋಟ್ಸಲ್ಲಿ ಇದೆ. ಅಷ್ಟು ಮಳೆ ಬೀಳೋ ಕಡೆ ಸರೋವರ ಒಣಗುತ್ತೆ ಅಂದ್ರೆ ಹೇಗೆ ಸರ್? ಚಿತ್ರ ನಿಜವಾದದ್ದೇನಾ?
(ಮೈಸೂರಿನ ಭೂಗೋಳದ ವಿದ್ಯಾರ್ಥಿನಿ)

ಉತ್ತರ: ಚಿತ್ರವೂ ನಿಜ, ನಿಮ್ಮ ನೋಟ್ಸಿನ ಲೆಕ್ಕವೂ ನಿಜ. ತಕರಾರು ಇರುವುದು ಆ ಮಳೆ ಯಾವಾಗ ಬೀಳುತ್ತದೆ, ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ.

ನಕ್ಷೆ ತೆಗೆದು ನೋಡಿ. ತೈವಾನ್ ಸುಮಾರು 36,000 ಚದರ ಕಿಲೋಮೀಟರಿನ ದ್ವೀಪ, ಕರ್ನಾಟಕದ ಐದನೇ ಒಂದು ಪಾಲಿಗಿಂತ ಸ್ವಲ್ಪ ಚಿಕ್ಕದು. ಕರ್ಕಾಟಕ ಸಂಕ್ರಾಂತಿ ವೃತ್ತ ಚಿಯಾಯಿ ಊರಿನ ಪಕ್ಕ ಹಾದುಹೋಗುತ್ತದೆ. ಉತ್ತರದಿಂದ ದಕ್ಷಿಣದವರೆಗೂ ಬೆಟ್ಟಸಾಲು. ಅದರಲ್ಲಿ ಎಲ್ಲಕ್ಕಿಂತ ಎತ್ತರದ್ದು ಯೂಶಾನ್, 3,952 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಜಾಸ್ತಿ. ಇಷ್ಟಾಗಿ ದ್ವೀಪದ ಅಗಲ ಎಲ್ಲೂ 150 ಕಿಲೋಮೀಟರ್ ದಾಟುವುದಿಲ್ಲ. ಹೆಂಚಿನ ಮಾಡಿನ ಮೇಲೆ ಬಿದ್ದ ನೀರು ನಿಲ್ಲುತ್ತದಾ? ಅಲ್ಲಿನ ಹೊಳೆಗಳ ಕತೆ ಅದೇ. ಬೆಳಿಗ್ಗೆ ಬೆಟ್ಟದಲ್ಲಿ ಬಿದ್ದ ಮಳೆ ಸುಮಾರು ಬೇಗನೇ ಸಮುದ್ರ ಸೇರಿಬಿಡುತ್ತದೆ.

ಇನ್ನು ಮಳೆಯ ಕಾಲ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಬೀಸಿ ಉತ್ತರದ ಕೀಲುಂಗ್, ತೈಪೆ ಕಡೆ ಜಿಟಿಜಿಟಿ ಮಳೆ ಹಿಡಿಯುತ್ತದೆ. ಅದೇ ಹೊತ್ತಿನಲ್ಲಿ ಬೆಟ್ಟದ ಮರೆಯಲ್ಲಿರುವ ತೈನಾನ್, ಕಾವ್ಶಿಯುಂಗ್ ಕಡೆ ತಿಂಗಳುಗಟ್ಟಲೆ ಒಣ. ಮೇ ಮತ್ತು ಜೂನಿನಲ್ಲಿ ಪ್ಲಮ್ ಮಳೆ ಅಂತ ಕರೆಯುವ ಮಳೆ ಬರುತ್ತದೆ. ಆಮೇಲೆ ಟೈಫೂನ್, ಅಂದರೆ ನಾವು ಚಂಡಮಾರುತ ಅನ್ನುತ್ತೇವಲ್ಲ ಅದೇ. ಮಧ್ಯ ಮತ್ತು ದಕ್ಷಿಣ ತೈವಾನಿನ ಜಲಾಶಯಗಳು ತುಂಬುವುದು ಈ ಎರಡನ್ನು ನಂಬಿಕೊಂಡು. ಟೈಫೂನ್ ಬಂದರೆ ಮನೆ ಹಾರಿಸುತ್ತದೆ, ಬಾರದಿದ್ದರೆ ನಲ್ಲಿ ಒಣಗಿಸುತ್ತದೆ.

2020ರಲ್ಲಿ ಬರಲಿಲ್ಲ. ಒಂದು ಟೈಫೂನೂ ತೈವಾನಿನ ನೆಲ ಮುಟ್ಟಲಿಲ್ಲ. 56 ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ಮುಂದಿನ ವರ್ಷ ಏಪ್ರಿಲ್ 6ರಿಂದ ತೈಚುಂಗ್, ಮಿಯಾವ್ಲಿ ಮತ್ತು ಚಾಂಗ್‌ಹುವಾದ ಒಂದು ಭಾಗದಲ್ಲಿ ವಾರಕ್ಕೆ ಎರಡು ದಿನ ನೀರು ಬಂದ್ ಮಾಡಿದರು. (ವಾರಕ್ಕೆ ಎರಡು ದಿನ ನೀರಿಲ್ಲ ಅಂದರೆ ನಮ್ಮ ಎಷ್ಟೋ ಊರುಗಳಲ್ಲಿ ಅದು ಸುದ್ದಿಯೇ ಅಲ್ಲ, ವಾರಕ್ಕೆ ಎರಡು ದಿನ ಬಂದರೆ ಸುದ್ದಿ. ಇರಲಿ.) ತೈಪೆಗೆ ಮಾತ್ರ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಅದಕ್ಕೆ ಮಳೆ ಜಾಸ್ತಿ ಬೀಳುವ ಉತ್ತರದ ಬೆಟ್ಟದಲ್ಲಿ ಫೈಟ್ಸುಯಿ ಅನ್ನುವ ದೊಡ್ಡ ಜಲಾಶಯವೇ ಇದೆ. ಮೇ ಕೊನೆಗೆ, ಜೂನಿಗೆ ಪ್ಲಮ್ ಮಳೆ ಬಂದು ಜನ ಉಸಿರು ಬಿಟ್ಟರು.

ಪ್ರಶ್ನೆ: ನಾನು ಕೆಲಸದ ಮೇಲೆ ಸಿಂಚುವಿನಲ್ಲಿದ್ದೇನೆ. "ನಮ್ಮ ಕಾಲದಲ್ಲಿ ಚಳಿ ಅಂದ್ರೆ ಚಳಿ, ಈಗ ಎಲ್ಲಿದೆ" ಅಂತ ನಮ್ಮ ಮನೆ ಮಾಲೀಕರಾದ ಅಜ್ಜ ದಿನಾ ಹೇಳ್ತಾರೆ. ದಾವಣಗೆರೆಯಲ್ಲಿ ನಮ್ಮಜ್ಜನೂ ಇದನ್ನೇ ಹೇಳ್ತಾರೆ. ವಯಸ್ಸಾದವರ ಹಳೇ ನೆನಪಾ, ಅಥವಾ ಲೆಕ್ಕದಲ್ಲೂ ಹಾಗೇ ಇದೆಯಾ?

ಉತ್ತರ: ದಾವಣಗೆರೆ ಅಜ್ಜನ ವಿಷಯ ಬೇರೆ ಸಲ ನೋಡೋಣ. ಸಿಂಚು ಅಜ್ಜ ಹೇಳಿದ್ದು ಲೆಕ್ಕದಲ್ಲೂ ಹಾಗೇ ಇದೆ.

ಈ ವಿಷಯದಲ್ಲಿ ತೈವಾನಿಗೆ ಒಂದು ಅನುಕೂಲ ಇದೆ. 1895ರಲ್ಲಿ ಜಪಾನ್ ಆ ದ್ವೀಪವನ್ನು ವಶಕ್ಕೆ ತೆಗೆದುಕೊಂಡಿತು, ಮರುವರ್ಷದಿಂದಲೇ ಹವಾಮಾನ ಕೇಂದ್ರಗಳನ್ನು ಹಾಕಲು ಶುರು ಮಾಡಿತು. ತೈಪೆ, ತೈಚುಂಗ್, ತೈನಾನ್, ಹೆಂಗ್‌ಚುನ್, ಆಮೇಲೆ ತೈತುಂಗ್, ಹುವಾಲಿಯೆನ್. ಹಾಗಾಗಿ ಈ ಆರು ಊರುಗಳಲ್ಲಿ ನೂರು ವರ್ಷ ದಾಟಿದ ದಾಖಲೆ ಇದೆ. ಆಳುವವರು ಬದಲಾದರು, ಯುದ್ಧ ಆಯಿತು, ಆದರೂ ದಿನದ ಉಷ್ಣತೆ ಬರೆದಿಡುವ ಕೆಲಸ ಮುಂದುವರಿಯಿತು. ನನಗಂತೂ ಇದು ಆ ದ್ವೀಪದ ದೊಡ್ಡ ಆಸ್ತಿ ಅನಿಸುತ್ತದೆ.

ಆ ದಾಖಲೆ ಏನು ಹೇಳುತ್ತದೆ? 2021ರ ಆಗಸ್ಟಿನಲ್ಲಿ ಅಲ್ಲಿನ ವಿಜ್ಞಾನಿಗಳು ಕೊಟ್ಟ ವರದಿಯ ಪ್ರಕಾರ 1911ರಿಂದ 2020ರವರೆಗೆ ತೈವಾನಿನ ವರ್ಷದ ಸರಾಸರಿ ಉಷ್ಣತೆ ಸುಮಾರು 1.6 ಡಿಗ್ರಿ ಏರಿದೆ. ಪ್ರಪಂಚದ ಏರಿಕೆಯನ್ನು 19ನೇ ಶತಮಾನದ ಕೊನೆಯಿಂದ ಅಳೆದು 2020ರ ಹೊತ್ತಿಗೆ ಸುಮಾರು 1.1 ಡಿಗ್ರಿ ಆಗಿತ್ತು ಅನ್ನುತ್ತಾರೆ. ಎರಡರ ಅಳತೆ ಒಂದೇ ವರ್ಷದಿಂದ ಶುರುವಾಗಿಲ್ಲ, ಪ್ರಪಂಚದ ಲೆಕ್ಕದಲ್ಲಿ ನಿಧಾನ ಕಾಯುವ ಸಮುದ್ರವೂ ಸೇರಿದೆ, ಆದ್ದರಿಂದ ಪಕ್ಕಪಕ್ಕ ಇಟ್ಟು ಜಗಳ ಮಾಡಬೇಡಿ. ಆದರೂ ತೈವಾನ್ ಹಿಂದೆ ಬಿದ್ದಿಲ್ಲ ಅನ್ನುವುದಂತೂ ಖಾತ್ರಿ. ಹಗಲಿಗಿಂತ ರಾತ್ರಿ ಜಾಸ್ತಿ ಬೆಚ್ಚಗಾಗಿದೆ.

ಇನ್ನು ಚಳಿಗಾಲ. ಕ್ಯಾಲೆಂಡರ್ ನೋಡಿ ಡಿಸೆಂಬರ್ ಬಂದರೆ ಚಳಿಗಾಲ ಅನ್ನದೆ, ಉಷ್ಣತೆ ಇಂತಿಷ್ಟಕ್ಕಿಂತ ಇಳಿದರೆ ಚಳಿಗಾಲ, ಇಂತಿಷ್ಟು ದಾಟಿದರೆ ಬೇಸಿಗೆ ಅಂತ ಗೆರೆ ಹಾಕಿಕೊಂಡು ಎಣಿಸಿದ್ದಾರೆ. ಹಾಗೆ ಎಣಿಸಿದರೆ 21ನೇ ಶತಮಾನ ಶುರುವಾದ ಮೇಲೆ ಬೇಸಿಗೆ 120ರಿಂದ 150 ದಿನ ಎಳೆಯುತ್ತಿದೆ. ಚಳಿಗಾಲ ಸುಮಾರು 70 ದಿನಕ್ಕೆ ಇಳಿಯಿತು, ಇತ್ತೀಚಿನ ವರ್ಷಗಳಲ್ಲಂತೂ 20ರಿಂದ 40 ದಿನ ಅಷ್ಟೇ. ಹೀಗೇ ಹೊಗೆ ಬಿಡುತ್ತಾ ಹೋದರೆ, ಅಂದರೆ ಎಲ್ಲಕ್ಕಿಂತ ಕೆಟ್ಟ ಲೆಕ್ಕದಲ್ಲಿ, ಈ ಶತಮಾನದ ಕೊನೆಗೆ ಬೇಸಿಗೆ 210 ದಿನ ಆಗಬಹುದು, ಚಳಿಗಾಲ ಪೂರ್ತಿ ಮಾಯ ಆಗಬಹುದು ಅಂತ ಅದೇ ವರದಿ ಹೇಳುತ್ತದೆ. ಅದು ಆಗಿಯೇ ತೀರುತ್ತದೆ ಅಂತ ಅಲ್ಲ, ಹೊಗೆ ಎಷ್ಟು ಕಮ್ಮಿ ಮಾಡುತ್ತೇವೆ ಅನ್ನುವುದರ ಮೇಲಿದೆ. ನಿಮ್ಮ ಮನೆ ಮಾಲೀಕರಿಗೆ ಈ ಲೆಕ್ಕ ಹೇಳಿ, ಖುಷಿಪಡುತ್ತಾರೆ. ಬಾಡಿಗೆ ಕಮ್ಮಿ ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಪ್ರಶ್ನೆ: ಇದೆಲ್ಲ ಊರು ಬೆಳೆದದ್ದರ ಪರಿಣಾಮ ಅಲ್ವಾ? ಕಾಂಕ್ರೀಟು, ಎಸಿ, ಗಾಡಿ. ಬೆಂಗಳೂರಲ್ಲೂ ನೋಡ್ತಿದ್ದೀವಿ. ಸುಮ್ನೆ ಭೂಮಿ ಮೇಲೆ ಯಾಕೆ ಹಾಕ್ತೀರಿ?
(ಹೆಸರು ಬರೆಯದ ಓದುಗರು)

ಉತ್ತರ: ಅರ್ಧ ಒಪ್ಪುತ್ತೇನೆ. ತೈಪೆ ಇರುವುದು ಸುತ್ತ ಬೆಟ್ಟ ಇರುವ ಬೋಗುಣಿಯಂಥ ಜಾಗದಲ್ಲಿ, ಕಾವು ಹೊರಗೆ ಹೋಗಲು ದಾರಿ ಕಮ್ಮಿ. ಮೇಲೆ ಕಾಂಕ್ರೀಟು. ಬೆಟ್ಟ ಇಳಿದು ಬರುವ ಗಾಳಿ ಬೇರೆ ಬಿಸಿಯಾಗಿಯೇ ಇಳಿಯುತ್ತದೆ. 2020ರ ಜುಲೈ 24ರಂದು ತೈಪೆಯಲ್ಲಿ 39.7 ಡಿಗ್ರಿ ಆಯಿತು, 1896ರಲ್ಲಿ ಆ ಕೇಂದ್ರ ಶುರುವಾದಂದಿನಿಂದ ಅಷ್ಟು ಎಂದೂ ಆಗಿರಲಿಲ್ಲ. ಅದರಲ್ಲಿ ಊರಿನ ಪಾಲು ಖಂಡಿತ ಇದೆ. ರಾತ್ರಿ ಜಾಸ್ತಿ ಕಾಯುತ್ತಿರುವುದರಲ್ಲೂ ಇದೆ.

ಆದರೆ ದಕ್ಷಿಣದ ತುದಿಯ ಹೆಂಗ್‌ಚುನ್ ಚಿಕ್ಕ ಊರು. ಪೂರ್ವ ಕರಾವಳಿಯ ತೈತುಂಗ್ ಕೂಡ ತೈಪೆಯಂತೆ ಬೆಳೆದಿಲ್ಲ. ಅಲ್ಲೂ ಏರಿಕೆ ಇದೆ. ಉತ್ತರದ ಸಮುದ್ರದಲ್ಲಿ ಪೆಂಗ್‌ಜಿಯಾಯು ಅಂತ ಒಂದು ಪುಟ್ಟ ನಡುಗಡ್ಡೆ ಇದೆ, ಅಲ್ಲಿ ದೀಪಸ್ತಂಭ ಮತ್ತು ಹವಾಮಾನ ಕೇಂದ್ರ ಬಿಟ್ಟರೆ ಪೇಟೆಯೂ ಇಲ್ಲ, ಟ್ರಾಫಿಕ್ಕೂ ಇಲ್ಲ. ಅಲ್ಲೂ ಏರಿದೆ. ಸುತ್ತಲಿನ ಸಮುದ್ರವೂ ಬೆಚ್ಚಗಾಗಿದೆ, ಸಮುದ್ರದಲ್ಲಿ ಯಾರೂ ಅಪಾರ್ಟ್‌ಮೆಂಟ್ ಕಟ್ಟಿಲ್ಲವಲ್ಲ. ಊರಿನ ಕಾವು ಭೂಮಿಯ ಕಾವಿನ ಮೇಲೆ ಕೂತಿದೆ ಅನ್ನಿ, ಅದರ ಬದಲಿಗೆ ಅಲ್ಲ.

ಪ್ರಶ್ನೆ: ಹಾಗಾದ್ರೆ 2016ರಲ್ಲಿ ತೈಪೆ ಸುತ್ತ ಹಿಮ ಬಿದ್ದದ್ದು?

ಉತ್ತರ: ಬಿತ್ತು. 2016ರ ಜನವರಿ 24ರಂದು ತೈಪೆಯಲ್ಲಿ 4 ಡಿಗ್ರಿ, 44 ವರ್ಷಗಳಲ್ಲಿ ಅಷ್ಟು ಇಳಿದಿರಲಿಲ್ಲ. ಹಿಮ ನೋಡಲು ಜನ ಕಾರು ತಗೊಂಡು ಬೆಟ್ಟಕ್ಕೆ ಮುಗಿಬಿದ್ದರು, ಕೊಳಗಳಲ್ಲಿ ಸಾಕಿದ ಮೀನು ರಾಶಿ ರಾಶಿ ಸತ್ತವು. ಉತ್ತರದಿಂದ ತಣ್ಣನೆ ಗಾಳಿ ಇಳಿದು ಬರುವುದು ನಿಂತಿಲ್ಲ. ಅಂಥ ದಿನಗಳು ಕಮ್ಮಿಯಾಗಿವೆ, ಅಷ್ಟೇ.

ಪ್ರಶ್ನೆ: ಉಷ್ಣತೆ ಏರಿದ್ದು ಒಪ್ಪಿದೆ. ಮಳೆ ಜಾಸ್ತಿ ಆಗಿದೆಯೋ ಕಮ್ಮಿ ಆಗಿದೆಯೋ ಒಂದೇ ಮಾತಲ್ಲಿ ಹೇಳಿ ನೋಡೋಣ.
(ಧಾರವಾಡದ ನಿವೃತ್ತ ಮೇಷ್ಟ್ರು)

ಉತ್ತರ: ಒಂದೇ ಮಾತಲ್ಲಿ ಆಗುವುದಿಲ್ಲ ಮೇಷ್ಟ್ರೇ, ಎರಡು ಬೇಕು. ವರ್ಷದ ಒಟ್ಟು ಮಳೆಯಲ್ಲಿ ಏರಿತು ಅಥವಾ ಇಳಿಯಿತು ಅಂತ ಹೇಳುವಂಥ ಸ್ಪಷ್ಟ ಬದಲಾವಣೆ ಇಲ್ಲ. ಮಳೆ ಬೀಳುವ ದಿನಗಳು ಮಾತ್ರ ಕಮ್ಮಿ ಆಗಿವೆ.

ಈ ಎರಡನ್ನು ಜೋಡಿಸಿ ನೋಡಿ. ಅಷ್ಟೇ ನೀರು, ಕಮ್ಮಿ ದಿನ. ಅಂದರೆ ಬಿದ್ದ ದಿನ ಜೋರಾಗಿ ಬೀಳುತ್ತದೆ, ಬೀಳದ ದಿನಗಳು ಒಂದರ ಹಿಂದೆ ಒಂದು ಸಾಲಾಗುತ್ತವೆ. ಒಂದೇ ದಿನದಲ್ಲಿ ಸುರಿಯುವ ಅತಿ ದೊಡ್ಡ ಮಳೆಯ ಅಳತೆ ಮೇಲಕ್ಕೆ ಹೋಗುತ್ತಿದೆ. ಇದಕ್ಕೆ ಒಂದು ಕಾರಣ ತುಂಬಾ ಸರಳ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಿಡಿದುಕೊಂಡದ್ದನ್ನು ಬಿಡುವಾಗ ಒಟ್ಟಿಗೆ ಬಿಡುತ್ತದೆ.

ಸರಾಸರಿ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಬರ ಬಂದ ವರ್ಷ ಮತ್ತು ನೆರೆ ಬಂದ ವರ್ಷ ಕೂಡಿಸಿ ಎರಡರಿಂದ ಭಾಗಿಸಿದರೆ ಬಹಳ ಒಳ್ಳೆಯ ಮಳೆಗಾಲ ಸಿಗುತ್ತದೆ, ಕಾಗದದ ಮೇಲೆ.

ಪ್ರಶ್ನೆ: ನಮ್ಮ ಆಗುಂಬೆಗಿಂತ ಜೋರು ಮಳೆ ಅಲ್ಲಿ ಬೀಳುತ್ತಾ?
(ತೀರ್ಥಹಳ್ಳಿ ಓದುಗರು. "ಬೀಳಲ್ಲ ಅಂತ ಬರೀರಿ" ಅಂತ ಕೆಳಗೆ ಬೇರೆ ಸೇರಿಸಿದ್ದಾರೆ.)

ಉತ್ತರ: ಕ್ಷಮಿಸಿ, ಹಾಗೆ ಬರೆಯಲು ಆಗುವುದಿಲ್ಲ. ವರ್ಷದ ಸರಾಸರಿ ತಗೊಂಡರೆ ಆಗುಂಬೆ 7,000 ಮಿಲಿಮೀಟರ್ ದಾಟುತ್ತದೆ, ತೈವಾನಿನ ಬಹುಪಾಲು ಊರುಗಳು ಹತ್ತಿರಕ್ಕೂ ಬರುವುದಿಲ್ಲ. ಆದರೆ ಎರಡು ದಿನದ ಲೆಕ್ಕ ಹಿಡಿದರೆ ತೈವಾನಿನ ಬೆಟ್ಟದ ಮೇಲಿನ ಅಲಿಶಾನ್ ನಿಮ್ಮನ್ನು ಸೋಲಿಸುತ್ತದೆ.

2009ರ ಆಗಸ್ಟ್. ಮೊರಾಕೊಟ್ ಅನ್ನುವ ಟೈಫೂನ್. ಗಾಳಿ ನೋಡಿದರೆ ಅದು ಭಯಂಕರ ಟೈಫೂನೇ ಅಲ್ಲ, ಮಧ್ಯಮ ಜಾತಿಯದು. ಆದರೆ ನಡಿಗೆ ಬಹಳ ನಿಧಾನ. ಆಗಸ್ಟ್ 7ರ ರಾತ್ರಿ ಪೂರ್ವದ ಹುವಾಲಿಯೆನ್ ಕಡೆ ನೆಲಕ್ಕೆ ಬಂತು, ದ್ವೀಪದ ಉತ್ತರ ಭಾಗ ದಾಟಲು ಅರ್ಧ ದಿನಕ್ಕೂ ಜಾಸ್ತಿ ತಗೊಂಡಿತು. ನಿಜವಾದ ಮಳೆ ಬಿದ್ದದ್ದು ಅದು ಇದ್ದ ಕಡೆ ಅಲ್ಲ, ದಕ್ಷಿಣದಲ್ಲಿ. ಯಾಕೆಂದರೆ ಅದರ ಸುತ್ತ ತಿರುಗುವ ಗಾಳಿ ನೈಋತ್ಯ ಮುಂಗಾರಿನ ಒದ್ದೆ ಗಾಳಿಯನ್ನು ಎಳೆದು ತಂದು ನೇರ ಬೆಟ್ಟಕ್ಕೆ ಹೊಡೆಸಿತು. ನಮ್ಮ ಪಶ್ಚಿಮ ಘಟ್ಟಕ್ಕೆ ಮಳೆ ತರುವ ಏಷ್ಯಾದ ಮುಂಗಾರೇ ದಕ್ಷಿಣ ಚೀನಾ ಸಮುದ್ರ ದಾಟಿ ಅಲ್ಲಿಗೂ ಹೋಗುತ್ತದೆ, ಘಟ್ಟ ಎದುರು ನಿಂತರೆ ಏನಾಗುತ್ತದೆ ಅಂತ ತೀರ್ಥಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಅಲಿಶಾನಿನಲ್ಲಿ 24 ಗಂಟೆಯಲ್ಲಿ 1,623 ಮಿಲಿಮೀಟರ್. 48 ಗಂಟೆಯಲ್ಲಿ 2,361. ಪ್ರಪಂಚದ 48 ಗಂಟೆಯ ದಾಖಲೆ ನಮ್ಮ ಚಿರಾಪುಂಜಿಯದು, 1995ರ ಜೂನಿನ 2,493. ಅದರ ಪಕ್ಕಕ್ಕೇ ಬಂದು ನಿಂತಿತು.

ಕಾವ್ಶಿಯುಂಗಿನ ಬೆಟ್ಟದ ಕಡೆ ಶಿಯಾವ್ಲಿನ್ ಅಂತ ಒಂದು ಹಳ್ಳಿ ಇತ್ತು. ಆಗಸ್ಟ್ 9ರ ಬೆಳಿಗ್ಗೆ ಹಿಂದಿನ ಗುಡ್ಡವೇ ಜಾರಿ ಮೇಲೆ ಬಿತ್ತು. ಆ ಒಂದು ಹಳ್ಳಿಯಲ್ಲೇ 400ಕ್ಕಿಂತ ಜಾಸ್ತಿ ಜನ ಹೋದರು, ದ್ವೀಪದಲ್ಲಿ ಒಟ್ಟು 700ರ ಹತ್ತಿರ. ಪರಿಹಾರದ ಕೆಲಸ ನಿಧಾನ ಆಯಿತು ಅಂತ ಜನ ಸಿಟ್ಟಾದರು, ಮುಂದಿನ ತಿಂಗಳು ಪ್ರಧಾನಿ ಲಿಯು ಚಾವ್-ಶಿಯುವಾನ್ ರಾಜೀನಾಮೆ ಕೊಟ್ಟರು. ಕೊಡಗು, ವಯನಾಡಿನ ಗುಡ್ಡ ಜಾರಿದ್ದನ್ನು ಕಂಡ ನಮಗೆ ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೊರಾಕೊಟ್ ಒಂದನ್ನೇ ತೋರಿಸಿ ಇದು ಭೂಮಿ ಬಿಸಿಯಾದದ್ದರಿಂದಲೇ ಬಂತು ಅನ್ನುವವರ ಮಾತು ನಾನು ನಂಬುವುದಿಲ್ಲ. ನಿಧಾನದ ನಡಿಗೆ, ಮುಂಗಾರು, ಬೆಟ್ಟ, ಮೂರೂ ಒಂದೇ ಹೊತ್ತಿಗೆ ಕೂಡಿಕೊಂಡವು. ಆದರೆ ಹಾಗೆ ಕೂಡಿಕೊಂಡಾಗ ಬೀಳುವ ನೀರು ಬಿಸಿ ಗಾಳಿಯಲ್ಲಿ ಜಾಸ್ತಿ ಆಗುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಪ್ರಶ್ನೆ: ಟೈಫೂನ್ ಜಾಸ್ತಿ ಆಗ್ತಿವೆಯಾ?
(ಕಾರವಾರ)

ಉತ್ತರ: ಜಾಸ್ತಿ ಕಮ್ಮಿ ಅನ್ನುವುದಕ್ಕಿಂತ ಎರ್ರಾಬಿರ್ರಿ ಅನ್ನಿ. 2019ರ ಆಗಸ್ಟಿನಲ್ಲಿ ಬೈಲು ಅನ್ನುವ ಟೈಫೂನ್ ಬಂದ ಮೇಲೆ ನಾಲ್ಕು ವರ್ಷ ಒಂದೂ ನೆಲ ಮುಟ್ಟಲಿಲ್ಲ. 2023ರ ಸೆಪ್ಟೆಂಬರ್ 3ರಂದು ಹೈಕುಯಿ ಬಂತು. 2024ರಲ್ಲಿ ಮೂರು: ಜುಲೈಯಲ್ಲಿ ಗೇಮಿ, ಅಕ್ಟೋಬರ್ ಶುರುವಿನಲ್ಲಿ ಕ್ರಾಥಾನ್, ಅಕ್ಟೋಬರ್ 31ರಂದು ಕಾಂಗ್-ರೇ. ಅದರಲ್ಲಿ ಕ್ರಾಥಾನ್ ಪೂರ್ವ ಕರಾವಳಿ ಬಿಟ್ಟು ನೈಋತ್ಯದ ಕಾವ್ಶಿಯುಂಗಿಗೆ ಬಂತು, ಅದು ಅಪರೂಪ. ಕಾಂಗ್-ರೇ ಬಂದದ್ದು ಎಲ್ಲರೂ ಸೀಸನ್ ಮುಗಿಯಿತು ಅಂದುಕೊಂಡ ಹೊತ್ತಿಗೆ. ಮುಂದೆ ಟೈಫೂನಿನ ಸಂಖ್ಯೆ ಇಳಿಯಬಹುದು, ಬಂದವು ಮಾತ್ರ ಜೋರಾಗಿರಬಹುದು ಅನ್ನುವುದು ವಿಜ್ಞಾನಿಗಳ ಅಂದಾಜು. ಜಲಾಶಯ ನೋಡಿಕೊಳ್ಳುವ ಎಂಜಿನಿಯರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ, ಅಲ್ವಾ?

ಪ್ರಶ್ನೆ: ಜಲಾಶಯ ಇನ್ನೂ ದೊಡ್ಡದು ಕಟ್ಟಿದ್ರೆ ಆಯ್ತಪ್ಪ. ಕಂಪ್ಯೂಟರ್ ಚಿಪ್ ಮಾಡೋ ದೇಶಕ್ಕೆ ಅದೇನು ಕಷ್ಟ?
(ಮಂಡ್ಯದ ರೈತರು)

ಉತ್ತರ: ಕಟ್ಟಿದ್ದೇ ತುಂಬುತ್ತಿದೆ, ಹೂಳಿನಿಂದ. ಅಲ್ಲಿನ ಬೆಟ್ಟ ಎಳೆಯದು, ಸಡಿಲ. 1999ರ ಸೆಪ್ಟೆಂಬರ್ 21ರ ದೊಡ್ಡ ಭೂಕಂಪ ಅದನ್ನು ಇನ್ನಷ್ಟು ಸಡಿಲ ಮಾಡಿತು. ಆಮೇಲೆ ಪ್ರತಿ ದೊಡ್ಡ ಮಳೆಗೂ ಮಣ್ಣು ಕೊಚ್ಚಿ ಜಲಾಶಯಕ್ಕೆ ಬರುತ್ತದೆ. 2004ರಲ್ಲಿ ಏರೆ ಟೈಫೂನ್ ಬಂದಾಗ ಶಿಮೆನ್ ಜಲಾಶಯದ ನೀರು ಎಷ್ಟು ಕೆಸರಾಯಿತು ಅಂದರೆ, ಜಲಾಶಯದಲ್ಲಿ ನೀರಿದ್ದೂ ತಾವ್‌ಯುವಾನ್ ಜನಕ್ಕೆ ಎರಡು ವಾರಕ್ಕೂ ಮೇಲೆ ಸರಿಯಾಗಿ ನಲ್ಲಿ ನೀರು ಕೊಡಲು ಆಗಲಿಲ್ಲ. ಮೊರಾಕೊಟ್ ಆದ ಮೇಲೆ ಎಲ್ಲಕ್ಕಿಂತ ದೊಡ್ಡದಾದ ತ್ಸೆಂಗ್‌ವೆನ್ ಜಲಾಶಯಕ್ಕೂ ಭಾರೀ ಹೂಳು ಬಂತು. ಜೋರು ಮಳೆ ನೀರನ್ನೂ ತರುತ್ತದೆ, ನೀರು ಇಡುವ ಜಾಗವನ್ನೂ ಕಿತ್ತುಕೊಳ್ಳುತ್ತದೆ.

ಹಾಗಾಗಿ ಈಗ ಹೂಳು ತೆಗೆಯುವುದು, ಕೊಳಚೆ ನೀರನ್ನು ಶುದ್ಧ ಮಾಡಿ ಕಾರ್ಖಾನೆಗೆ ಕೊಡುವುದು, ಸಮುದ್ರದ ನೀರಿನ ಉಪ್ಪು ತೆಗೆಯುವುದು, ಹೀಗೆ ಹಲವು ದಾರಿ ಹಿಡಿದಿದ್ದಾರೆ. ಒಣಗಾಲದಲ್ಲಿ ಜಾಸ್ತಿ ನೀರು ಬಳಸುವ ಕಾರ್ಖಾನೆಗಳಿಗೆ 2023ರಿಂದ ಹೆಚ್ಚುವರಿ ಶುಲ್ಕ ಹಾಕಿದ್ದಾರೆ.

ಆದರೆ ನೀವು ರೈತರಾದ್ದರಿಂದ ಇದನ್ನು ಹೇಳಲೇಬೇಕು. 2021ರ ಬರದಲ್ಲಿ ಚಿಪ್ ಕಾರ್ಖಾನೆಗಳು ಟ್ಯಾಂಕರ್ ನೀರು ತರಿಸಿಕೊಂಡು ನಡೆದವು, 70,000 ಹೆಕ್ಟೇರಿಗೂ ಜಾಸ್ತಿ ಗದ್ದೆಗೆ ನೀರು ನಿಲ್ಲಿಸಿದರು. ಪರಿಹಾರ ಕೊಟ್ಟರು, ನಿಜ. ಬೆಳೆ ಇಡದೆ ಸುಮ್ಮನೆ ಕೂರಲು ದುಡ್ಡು. ದೇಶಕ್ಕೆ ಚಿಪ್ಪಿನಿಂದ ಬರುವ ಆದಾಯ ನೋಡಿದರೆ ಲೆಕ್ಕ ಸರಿ ಅನ್ನುವವರಿದ್ದಾರೆ. ಗದ್ದೆ ಪಾಳು ಬಿಟ್ಟವರಿಗೆ, ಅವರ ಟ್ರ್ಯಾಕ್ಟರ್ ಓಡಿಸುವವರಿಗೆ, ಸಸಿ ಮಾರುವವರಿಗೆ ಆ ಲೆಕ್ಕ ಸರಿ ಕಾಣುವುದಿಲ್ಲ. ಕಟ್ಟೆಯಲ್ಲಿ ನೀರು ಕಮ್ಮಿಯಾದಾಗ ಮೊದಲು ಯಾರ ನಾಲೆ ನಿಲ್ಲುತ್ತದೆ ಅನ್ನುವುದು ಮಂಡ್ಯಕ್ಕೆ ಹೊಸ ವಿಷಯ ಅಲ್ಲ.

ಪ್ರಶ್ನೆ: ಉಷ್ಣ ಏರಿದ್ದರಿಂದ ಪ್ರಾಣಿ ಪಕ್ಷಿಗಳಿಗೆ ಏನಾಗಿದೆ?
(ಹತ್ತನೇ ತರಗತಿ, ಶಿರಸಿ)

ಉತ್ತರ: ಒಂದೇ ಒಂದು ಮೀನಿನ ಕತೆ ಹೇಳುತ್ತೇನೆ ಪುಟ್ಟಾ. ತೈವಾನಿನ ಬೆಟ್ಟದ ಚಿಜಿಯಾವಾನ್ ಹೊಳೆಯಲ್ಲಿ ಒಂದು ಜಾತಿಯ ಸಾಲ್ಮನ್ ಇದೆ. ಸಾಲ್ಮನ್ ತಣ್ಣನೆ ದೇಶಗಳ ಮೀನು, ಸಮುದ್ರಕ್ಕೆ ಹೋಗಿ ಬರುವಂಥದ್ದು. ಇದು ಹಿಮಯುಗದಲ್ಲಿ ಅಲ್ಲಿಗೆ ಬಂದು, ಕೆಳಗಿನ ನೀರು ಬಿಸಿಯಾದ ಮೇಲೆ ಬೆಟ್ಟದಲ್ಲೇ ಉಳಿದುಬಿಟ್ಟಿತು. ನೀರು 17–18 ಡಿಗ್ರಿಗಿಂತ ತಣ್ಣಗಿದ್ದರೇನೇ ಅದಕ್ಕೆ ಸುಖ. 1990ರ ದಶಕದ ಶುರುವಿನಲ್ಲಿ ಸುಮಾರು 200 ಮಾತ್ರ ಉಳಿದಿದ್ದವು. ಅಣೆಕಟ್ಟೆಗಳನ್ನು ಒಡೆದು, ಮರಿ ಸಾಕಿ ಬಿಟ್ಟು, ಪಕ್ಕದ ತರಕಾರಿ ಹೊಲಗಳನ್ನು ಬಿಡಿಸಿ, ಈಗ ಹತ್ತು ಸಾವಿರ ದಾಟಿವೆ. ಹೊಳೆ ಇನ್ನೂ ಬಿಸಿಯಾದರೆ ಮೇಲಕ್ಕೆ ಹೋಗಬೇಕು, ಆದರೆ ಹೊಳೆ ಮೇಲೆ ಮೇಲೆ ಎಷ್ಟು ದೂರ ಇರುತ್ತದೆ ಹೇಳು?

ಪ್ರಶ್ನೆ: ಮಗಳು ತೈಪೆಯಲ್ಲಿದ್ದಾಳೆ, ಕರೀತಿದ್ದಾಳೆ. ಯಾವ ತಿಂಗಳು ಹೋದ್ರೆ ಮಳೆ, ಸೆಕೆ ಎರಡೂ ಇರಲ್ಲ?
(ಹುಬ್ಬಳ್ಳಿಯ ತಾಯಿಯೊಬ್ಬರು)

ಉತ್ತರ: ನವೆಂಬರ್ ನೋಡಿ ಅಮ್ಮಾ. ಸೆಕೆ ಇಳಿದಿರುತ್ತದೆ, ಟೈಫೂನಿನ ಭಯವೂ ಬಹುಮಟ್ಟಿಗೆ ಮುಗಿದಿರುತ್ತದೆ. ಆದರೆ ತೈಪೆಯಲ್ಲಿ ಆಗಲೇ ಜಿಟಿಜಿಟಿ ಶುರುವಾಗಬಹುದು, ಕೊಡೆ ಬೇಕು. ಬಿಸಿಲು ಬೇಕು ಅನಿಸಿದರೆ ಮಗಳ ಜೊತೆ ರೈಲು ಹತ್ತಿ ತೈನಾನಿಗೋ ಕಾವ್ಶಿಯುಂಗಿಗೋ ಹೋಗಿ, ವೇಗದ ರೈಲಿನಲ್ಲಿ ಎರಡು ಗಂಟೆಯ ಹಾದಿ. ಸ್ವೆಟರ್ ಒಂದು ಸಾಕು. ಅಲಿಶಾನಿಗೆ ಹೋಗುವುದಿದ್ದರೆ ಮಾತ್ರ ಶಾಲು, ಕಾಲುಚೀಲ ಎಲ್ಲ ತಗೊಂಡು ಹೋಗಿ, ಅದು 2,000 ಮೀಟರಿಗಿಂತ ಎತ್ತರ, ಬೆಳಗಿನ ಜಾವ ಕೈ ಮರಗಟ್ಟುತ್ತದೆ.